ಬಂದ ಉದ್ದೇಶ

ಏಪ್ರಿಲ್ ಹರಿಯಬೇಡಿ ಅಂದಿದ್ದಳು ವಾರಿಜ.
ಹಾಗಾಗಿ ನವೆಂಬರಿನಲ್ಲೂ ನಮ್ಮ ಅಂಗಡಿಯ ಗೋಡೆಗೆ ಏಪ್ರಿಲ್:
ಯುರೋಪಿನ ಯಾವುದೋ ಊರು,
ಏರುದಾರಿಯಲ್ಲಿ ಹಳದಿ ಟ್ರಾಮು,
ಬೀದಿಗೇ ಮೇಜು ಹಾಕಿ ಕೂತ ಗಂಡಹೆಂಡಿರು,
ಒಬ್ಬರಿಗೂ ಕೆಲಸವಿದ್ದಂತಿಲ್ಲ.
ಕೆಳಗೆ ವಾಚ್ ಸೆಲ್ ಕಂಪನಿಯ ಹೆಸರು.

ಊಟ ತಂದವಳು ಅದನ್ನೇ ನೋಡುತ್ತ ನಿಲ್ಲುವುದು,
ನಾನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ
ಯಾರದೋ ಮದುವೆ ವಾಚಿನ ಹೊಟ್ಟೆಯೊಳಗೆ ಇಳಿದಿರುವುದು,
ಇದು ಇಪ್ಪತ್ತಮೂರು ವರ್ಷದ ಪದ್ಧತಿ.

ಆವತ್ತು ಎಕ್ಸ್‌ಪ್ರೆಸ್ಸು ಎದುರಿಗೇ ನಿಂತಿತ್ತು.
ಕಂಡಕ್ಟರ್ ಬಾಗಿಲು ಬಡಿಯುತ್ತ
ಮಂಗ್ಳೂರ್ ಮಂಗ್ಳೂರ್, ಎರಡ್ ಸೀಟ್ ಎರಡ್ ಸೀಟ್
ಅಂದದ್ದು ನಮಗೇ ಅಂದ ಹಾಗಿತ್ತು.
"ಹೋಗುವನಾ?"
"ಎಂತಕ್ಕೆ?"
"ಎರಡು ಸೀಟುಂಟಲ್ಲ."

ಇದಕ್ಕಿಂತ ದೊಡ್ಡ ಕಾರಣ
ನಾನು ಮದುವೆಗೂ ಕೇಳಿರಲಿಲ್ಲ.

ಶಟರ್ ಎಳೆಯೋ ಡೆನ್ಸಿಲಾ ಎಂದು
ಪಕ್ಕದ ಜೆರಾಕ್ಸಿಗೆ ಓಡುತ್ತಲೇ ಕೂಗಿದ್ದು.
ಟಿಫಿನ್ ಕ್ಯಾರಿಯರ್ ಅವಳ ಮಡಿಲಲ್ಲೇ ಬಂತು.
ಕಟಪಾಡಿ, ಕಾಪು, ಪಡುಬಿದ್ರಿ,
ಹಂಪು ಸಿಕ್ಕಿದಾಗೆಲ್ಲ ಒಳಗೆ ಸಾರು ಗುಳುಂ.
ಮೂಲ್ಕಿ ಸೇತುವೆ ದಾಟುವವರೆಗೆ
ಯಾರಿಗೆ ಹೇಳುವುದು ಅಂತ ಯೋಚಿಸಿ
ಯಾರಿಗೂ ಹೇಳಲಿಲ್ಲ.

ನಾನು ನೂರು ಸಲ ಬಂದ ಊರು ಅದು,
ಸ್ಪೇರು ಕಟ್ಟಿಸಿಕೊಂಡು ನಾಲ್ಕರ ಬಸ್ಸಿಗೆ ವಾಪಸು.
ಅವಳು ಬಂದದ್ದು ಮೂರೇ ಸಲ:
ಎರಡು, ಅತ್ತೆಯ ಕಣ್ಣಿಗೆ.
ಒಂದು, ನಾವು ಹೆಸರಿಡದ ಕೂಸಿಗೆ.
ಆಮೇಲೆ ಮಂಗಳೂರು ಅಂದರೆ ಮನೆಯಲ್ಲಿ
ಡೆಟ್ಟಾಲಿನ ವಾಸನೆ, ಅಷ್ಟೆ.

ಸ್ಟೇಟ್‌ಬ್ಯಾಂಕಿನಲ್ಲಿ ಇಳಿದರೆ ಬೇರೆಯೇ ವಾಸನೆ.
ಹುರಿದ ಕಡಲೆ, ಡೀಸೆಲ್ಲು, ಬಂದರಿನ ಕಡೆಯಿಂದ ಒಣಮೀನು,
ಅದರ ನಡುವೆ ನಾಚಿಕೆಯಿಲ್ಲದೆ ಮಲ್ಲಿಗೆ.
ತುಳುವಿನಲ್ಲಿ ಕೇಳಿದ ಕ್ರಯಕ್ಕೆ ಬ್ಯಾರಿಯಲ್ಲಿ ಉತ್ತರ,
ಕೊಂಕಣಿಯಲ್ಲಿ ಒಂದು ಬೈಗುಳ, ಎಲ್ಲರಿಗೂ ನಗು.
ಅವಳು ಎರಡು ಚೆಂಡು ಕೊಂಡಳು,
ಒಂದು ಮುಡಿದಳು, ಇನ್ನೊಂದನ್ನು
"ಇದು ನಾಳೆಗೆ" ಅಂದಳು.
ನಾಳೆಯೂ ಉಂಟು ಅಂತ ನನಗೆ ಗೊತ್ತಾದದ್ದು ಹಾಗೆ.

ಸುಲ್ತಾನ್ ಬತ್ತೇರಿಯ ದೋಣಿಕಟ್ಟೆಯಲ್ಲಿ ಕೂತು
ಉಡುಪಿಯಲ್ಲಿ ಬೇಯಿಸಿದ ಕುಚ್ಚಲಕ್ಕಿ ಅನ್ನ ತಿಂದೆವು.
ದೋಣಿಯವನು ಹೊಟ್ಟೆ ನೋಡಿ ಕಾದ, ಟಿಕೇಟು ಆಮೇಲೆ ಕೊಟ್ಟ.

ಸಂಜೆ ಹಂಪನಕಟ್ಟೆ. ಗಡಿಯಾರ ಗೋಪುರ.
ಕೈ ತಾನಾಗಿ ಮೇಲೆದ್ದಿತು,
ಅದು ಎಷ್ಟು ಹಿಂದೆ, ಎಷ್ಟು ಮುಂದೆ ಅಂತ ತಾಳೆ ನೋಡಲು.
ಅವಳು ಆ ಕೈ ಹಿಡಿದುಕೊಂಡಳು.
ರಸ್ತೆ ದಾಟಲಿಕ್ಕೆ ಅಂದಳು.
ದಾಟಲಿಲ್ಲ.

ಲಾಡ್ಜಿನ ಮೇನೇಜರು ಆಧಾರ್ ತಿರುಗಿಸಿ ತಿರುಗಿಸಿ ನೋಡಿದ.
"ಉಡುಪಿ? ರಾತ್ರಿವರೆಗೂ ಬಸ್ಸುಂಟಲ್ಲ?"
"ಉಂಟು."
"ಲಗೇಜು?"
ವಾರಿಜ ಮೂರಂತಸ್ತಿನ ಕ್ಯಾರಿಯರನ್ನು
ಟಣ್ ಅಂತ ಕೌಂಟರಿನ ಮೇಲಿಟ್ಟಳು.

ರಿಜಿಸ್ಟರಿನಲ್ಲೊಂದು ಕಾಲಮ್ಮು: ಬಂದ ಉದ್ದೇಶ.
ಮೇಲಿನವರೆಲ್ಲ ಬರೆದಿದ್ದರು,
ವ್ಯಾಪಾರ, ವ್ಯಾಪಾರ, ಆಸ್ಪತ್ರೆ, ಮದುವೆ, ಆಸ್ಪತ್ರೆ.
ಪೆನ್ನು ಹಿಡಿದು ನಿಂತೆ.
ಅವಳು ಕಿತ್ತುಕೊಂಡು, ಸಹಕಾರಿ ಸಂಘದ ದುಂಡಕ್ಷರದಲ್ಲಿ,
ಸುಮ್ಮನೆ
ಎಂದು ಬರೆದು ಕೆಳಗೊಂದು ಗೆರೆ ಎಳೆದಳು.
ಮೇನೇಜರು ಓದಿದ. ಕೀಲಿ ಕೊಟ್ಟ.
ಕಿಟಕಿ ರಸ್ತೆಗೇ ಇರುವ ರೂಮು.

ಬೆಳಿಗ್ಗೆ ಚಾದ ಹುಡುಗ ಬಾಗಿಲು ತಟ್ಟಿದಾಗ
ನಿದ್ದೆಯಲ್ಲೇ ಅಂದಳು, "ಬಂದೆ, ಹಾಲಿಟ್ಟೆ."
ಇಟ್ಟದ್ದು ನಾನಲ್ಲ, ಅವಳಲ್ಲ,
ಚಾ ಆಗಿಯೇ ಬಂದಿತ್ತು.
ಕಣ್ಣು ಬಿಟ್ಟವಳಿಗೆ ಸ್ವಲ್ಪ ಹೊತ್ತು ತಿಳಿಯಲಿಲ್ಲ,
ತಿಳಿದ ಮೇಲೆ ಮತ್ತೆ ಹೊದ್ದು ಮಲಗಿದಳು.

ಮಧ್ಯಾಹ್ನ ಉಡುಪಿ.
ಬಿಚ್ಚಿಟ್ಟ ವಾಚು ಬಿಚ್ಚಿಟ್ಟಲ್ಲೇ,
ಸಾಸಿವೆಯಷ್ಟು ಒಂದು ಚಕ್ರ ಮಾತ್ರ ನಾಪತ್ತೆ.
"ಎಲ್ಲಿಗೆ ಹೋದದ್ದು ಮಾರಾಯ್ರೇ?" ಡೆನ್ಸಿಲ್ ಕೇಳುತ್ತಲೇ ಇದ್ದ,
ನಾನು ಮೇಜಿನಡಿಯಲ್ಲಿ ಮಂಡಿಯೂರಿದ್ದೆ.
ಮೇಲೆ ಪರ್ರ್ ಅಂತ ಸದ್ದು.
ಏಪ್ರಿಲ್ ಹರಿದು ಅವಳು
ಜಿಡ್ಡು ಸೋರುವ ಕ್ಯಾರಿಯರಿಗೆ ಸುತ್ತುತ್ತಿದ್ದಳು.
ಮೇ ತಿಂಗಳಲ್ಲಿ ಬೇರೊಂದು ಊರು, ಬರೀ ಹಿಮ.
"ಇದು ಬೇಡ," ಅಂದಳು,
"ಇಲ್ಲಿ ಚಳಿ."